ತಾಯಿಯ ತೋಳು ಸೋತಮೇಲೆ ದಾರಿ ಯಾವುದು?



ದಾರಿ ಯಾರದ್ದು ಎಂದು ಕೇಳಿದರೆ ಎಲ್ಲರೂ ಸಾರ್ವಜನಿಕರದ್ದು ಎಂದೇ ಹೇಳುತ್ತಾರೆ. ಪಂಚಾಯತಿನ ದಾಖಲೆಯಲ್ಲಿಯೂ ಹಾಗೆಯೇ ಬರೆದಿರುತ್ತದೆ. ಆದರೆ ಸಾರ್ವಜನಿಕರೆಂಬ ಈ ದೊಡ್ಡ ಮಾತಿನೊಳಗೆ ಯಾರು ಯಾರು ಸೇರಿದ್ದಾರೆ ಎಂದು ನೋಡುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಕಾಲು ಗಟ್ಟಿಯಿದ್ದು, ಕಣ್ಣು ಚೆನ್ನಾಗಿ ಕಂಡು, ತಲೆಯ ಮೇಲೆ ಹೊರೆಯಿಲ್ಲದೆ, ಪ್ರಾಯವೂ ಮೀರದೆ ಇರುವ ಒಬ್ಬ ಮನುಷ್ಯನ ಅಳತೆಗೆ ನಮ್ಮ ಪೇಟೆಯ ದಾರಿಗಳನ್ನೂ ಕಚೇರಿಗಳ ಮೆಟ್ಟಿಲುಗಳನ್ನೂ ಕಟ್ಟಲಾಗಿದೆ. ಆ ಅಳತೆಗೆ ಸೇರದವರು ಮನೆಯಲ್ಲಿ ಕುಳಿತಿದ್ದಾರೆ. ಅವರು ಹೊರಗೆ ಕಾಣಿಸುವುದಿಲ್ಲವಾದ್ದರಿಂದ ಅಂಥವರು ಹೆಚ್ಚು ಮಂದಿ ಇಲ್ಲವೆಂದು ನಾವು ಭಾವಿಸಿಕೊಂಡಿದ್ದೇವೆ.

ಬೇರೆ ಜಿಲ್ಲೆಯವರು ಹಾಗೆ ಭಾವಿಸಿದರೆ ಕ್ಷಮಿಸಬಹುದು. ಕಾಸರಗೋಡಿನವರು ಹಾಗೆ ಭಾವಿಸುವಂತಿಲ್ಲ. ನಮ್ಮ ಗುಡ್ಡಗಳ ಮೇಲೆ ಸರಕಾರಿ ಒಡೆತನದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳಿವೆ. ಅವುಗಳ ಮೇಲೆ ಎಂಡೋಸಲ್ಫಾನ್ ಎಂಬ ವಿಷವನ್ನು ಹೆಲಿಕಾಪ್ಟರಿನಿಂದ ಸುರಿದ ಕಾಲ 1970ರ ದಶಕದ ಕೊನೆಯಿಂದ 2000ದವರೆಗೆ ನಡೆಯಿತು. ಎಣ್ಮಕಜೆ, ಕುಂಬ್ಡಾಜೆ, ಬದಿಯಡ್ಕ, ಬೆಳ್ಳೂರು, ಕಾರಡ್ಕ, ಮುಳಿಯಾರು, ಪುಲ್ಲೂರು-ಪೆರಿಯ, ಅಜಾನೂರು, ಕಳ್ಳಾರ್, ಪನತ್ತಡಿ, ಕಯ್ಯೂರು-ಚೀಮೇನಿ ಎಂಬ ಹನ್ನೊಂದು ಪಂಚಾಯತುಗಳ ಹೆಸರು ಆ ಕಾರಣದಿಂದಲೇ ದೇಶದ ಪತ್ರಿಕೆಗಳಲ್ಲಿ ಬಂತು. ಪಡ್ರೆಯ ವಾಣೀನಗರದಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ, ಕೃಷಿ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ನ್ಯಾಯಾಲಯದ ಮೆಟ್ಟಿಲು ಹತ್ತಿದ ಲೀಲಾಕುಮಾರಿ ಅಮ್ಮ, ಇವರೆಲ್ಲ ಪಟ್ಟ ಶ್ರಮದ ಕಥೆ ನಿಮಗೆ ಗೊತ್ತೇ ಇದೆ. ತೋಟದಲ್ಲಿ ದುಡಿದವರು ನಮ್ಮವರು, ತೋಟದ ಕೆಳಗಿನ ತೋಡಿನ ನೀರು ಕುಡಿದವರೂ ನಮ್ಮವರೇ. ಇದನ್ನು ಮತ್ತೆ ವಿವರಿಸುವುದು ಈ ಲೇಖನದ ಉದ್ದೇಶವಲ್ಲ.

ನಾವು ಹೇಳಹೊರಟಿರುವುದು ಅದರ ಮುಂದಿನ ಮಾತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲಿಯೇ ತಡೆಯಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ರಾಜ್ಯ ಸರಕಾರಕ್ಕೆ ಆಜ್ಞೆ ಮಾಡಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಲೆಕ್ಕ ಕೇಳಿದಾಗ, 3,704 ಮಂದಿಯ ಪಟ್ಟಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ ಮಾತ್ರ ಎಂಬುದು ಹೊರಬಿತ್ತು. ನ್ಯಾಯಾಲಯ ಗದರಿಸಿದ ಮೇಲೆ ಹಣ ಹಂಚುವ ಕೆಲಸ ಚುರುಕಾಯಿತು. ಹಣ ಬೇಕು, ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಹಣವನ್ನು ಬ್ಯಾಂಕಿಗೆ ಹಾಕಿದ ಮಾತ್ರಕ್ಕೆ ಗಾಲಿಕುರ್ಚಿ ಉರುಳುವುದಿಲ್ಲ. ಅದು ಉರುಳಬೇಕಾದರೆ ನೆಲ ಬೇಕು, ಸಮವಾದ ದಾರಿ ಬೇಕು. ಆ ದಾರಿಯನ್ನು ಒಂದು ಕುಟುಂಬ ತನ್ನ ಪರಿಹಾರದ ಹಣದಿಂದ ಕಟ್ಟಿಕೊಳ್ಳಲಾಗದು. ಅದನ್ನು ಸಮಾಜವೇ ಕಟ್ಟಬೇಕು.

ಇದಕ್ಕೆ ಈಗ ಅವಸರ ಏಕೆ? ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ವಿಷ ಸುರಿಯುವುದು ನಿಂತದ್ದು 2000ದಲ್ಲಿ. ಅದಕ್ಕೆ ಮೊದಲು ಹುಟ್ಟಿದ ಮಕ್ಕಳಿಗೆ ಈಗ 25 ವರ್ಷ ದಾಟಿದೆ. ಕೆಲವರಿಗೆ 40 ಆಗಿದೆ. ಮಗು ಐದು ವರ್ಷದ್ದಾಗಿದ್ದಾಗ ತಾಯಿ ಸೊಂಟದ ಮೇಲೆ ಕೂರಿಸಿಕೊಂಡು ಗುಡ್ಡ ಇಳಿದಳು. ಹತ್ತು ವರ್ಷದ್ದಾದಾಗ ಅಪ್ಪ ಬೆನ್ನ ಮೇಲೆ ಹೊತ್ತ. ಇಷ್ಟು ಕಾಲ ನಮ್ಮ ಜಿಲ್ಲೆಯ ಸಾವಿರಾರು ಮಕ್ಕಳಿಗೆ ದಾರಿ ಎಂಬುದು ಪಂಚಾಯತು ಕಟ್ಟಿದ ದಾರಿಯಾಗಿರಲಿಲ್ಲ, ಹೆತ್ತವರ ತೋಳೇ ಅವರಿಗೆ ದಾರಿಯಾಗಿತ್ತು. ಈಗ ಆ ಮಗು ಬೆಳೆದ ಆಳು. ಆ ತಾಯಿಗೆ ಅರುವತ್ತು ಹತ್ತಿರವಾಗಿ ಮಂಡಿ ನೋವು ಹಿಡಿದಿದೆ. ತೋಳು ಸೋತಮೇಲೆ ಆ ಆಳಿಗೆ ಹೊರಲೋಕವೇ ಮುಚ್ಚಿಹೋಗುತ್ತದೆ. ಚಾಪೆ, ಜಗಲಿ, ಕಿಟಿಕಿ, ಇಷ್ಟೇ ಅವನ ಊರು. ಇದನ್ನು ವಿಧಿ ಎಂದು ಹೇಳಿ ಸುಮ್ಮನಿರಲು ನಮಗೆ ಮನಸ್ಸು ಒಪ್ಪುವುದಿಲ್ಲ.

ಪೆರ್ಲದ ಕಡೆಯ ಒಂದು ಗುಡ್ಡದಿಂದ ಕಾಸರಗೋಡಿನ ಜನರಲ್ ಆಸ್ಪತ್ರೆಗೋ ವಿದ್ಯಾನಗರದ ಕಲೆಕ್ಟರೇಟಿಗೋ ಹೋಗುವ ದಾರಿಯನ್ನು ಒಂದೊಂದೇ ತುಂಡಾಗಿ ನೋಡೋಣ. ಮನೆಯಿಂದ ಅಂಗಳಕ್ಕೆ ಮುರಕಲ್ಲಿನ ಮೆಟ್ಟಿಲು. ಅಂಗಳದಿಂದ ಓಣಿ, ಮಳೆಗಾಲದಲ್ಲಿ ಅದೇ ತೋಡು. ತೋಡಿಗೆ ಅಡಿಕೆಮರದ ಕಾಲುಸಂಕ. ಅಲ್ಲಿಂದ ಜೀಪು ಬರುವ ತನಕದ ಏರು. ಜೀಪಿನಿಂದ ಬಸ್ಸು, ಬಸ್ಸಿನ ಮೊದಲ ಮೆಟ್ಟಿಲೇ ಮೊಣಕಾಲಿನೆತ್ತರ. ಪೇಟೆಯಲ್ಲಿ ಇಳಿದ ಮೇಲೆ ಫುಟ್‌ಪಾತು. ಕೊನೆಗೆ ಕಚೇರಿಯ ಮೆಟ್ಟಿಲು. ಇದೊಂದು ಸಂಕಲೆಯ ಹಾಗೆ. ಹತ್ತು ಕೊಂಡಿಗಳಲ್ಲಿ ಒಂಬತ್ತು ಗಟ್ಟಿಯಿದ್ದು ಒಂದು ಕಡಿದಿದ್ದರೂ ಆ ದಿನದ ಪ್ರಯಾಣ ಆಗುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಅಮೃತಶಿಲೆಯ ಇಳಿಜಾರು ಕಟ್ಟಿ ಫೋಟೋ ತೆಗೆಸಿಕೊಂಡವರು, ಆ ಬಾಗಿಲ ತನಕ ರೋಗಿ ಹೇಗೆ ಬಂದಾನು ಎಂದು ಕೇಳಿಕೊಳ್ಳಬೇಕು.

ದಾರಿ ಮುಚ್ಚಿದರೆ ಏನಾಗುತ್ತದೆಂದು ನಮ್ಮ ಜಿಲ್ಲೆಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಕರ್ನಾಟಕದವರು ತಲಪಾಡಿಯ ಗಡಿಯನ್ನು ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದರು. ದೊಡ್ಡ ಕಾಯಿಲೆಗೆ ಮಂಗಳೂರನ್ನೇ ನಂಬಿದ್ದ ನಮ್ಮ ಜನ ಗಡಿಯಲ್ಲಿ ಆಂಬುಲೆನ್ಸ್ ನಿಲ್ಲಿಸಿಕೊಂಡು ಹಿಂದೆ ಬಂದರು. ಚಿಕಿತ್ಸೆ ಸಿಗದೆ ಜೀವಗಳು ಹೋದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು, ತುರ್ತು ಚಿಕಿತ್ಸೆಗೆ ಹೋಗುವವರಿಗೆ ದಾರಿ ಬಿಡಿಸಬೇಕೆಂದು ಹೇಳಬೇಕಾಯಿತು. ಆ ಕೆಲವು ವಾರ ಇಡೀ ಜಿಲ್ಲೆಯೇ ಕೂಗಿಕೊಂಡಿತು, ಅದು ನ್ಯಾಯವಾದ ಕೂಗು. ಆದರೆ ಗಾಲಿಕುರ್ಚಿಯಲ್ಲಿರುವವನ ಮುಂದೆ ಆ ಮಣ್ಣಿನ ರಾಶಿ ವರ್ಷದ 365 ದಿನವೂ ಇದೆ. ಅವನಿಗೆ ಅರ್ಧ ಅಡಿ ಎತ್ತರದ ಒಂದು ಕಲ್ಲೇ ತಲಪಾಡಿ.

ಈಗ ಪೇಟೆಯ ಫುಟ್‌ಪಾತಿನ ವಿಷಯಕ್ಕೆ ಬರೋಣ. ನಮ್ಮ ಹೆಚ್ಚಿನ ಪೇಟೆಗಳಲ್ಲಿ ಫುಟ್‌ಪಾತು ಎಂದರೆ ಚರಂಡಿಯ ಮೇಲೆ ಹೊದೆಸಿದ ಸ್ಲ್ಯಾಬು. ಒಂದು ಸ್ಲ್ಯಾಬು ಏರಿ, ಒಂದು ತಗ್ಗಿ, ನಡುವೆ ಒಂದು ಇಲ್ಲವೇ ಇಲ್ಲ. ಅದರ ನಡುವೆ ವಿದ್ಯುತ್ ಕಂಬ, ಅದರ ಪಕ್ಕ ನಿಲ್ಲಿಸಿದ ಬೈಕು, ಅಂಗಡಿಯವನ ಬೋರ್ಡು. ಅಡ್ಡದಾರಿ ಬಂದಲ್ಲಿ ಒಂದಡಿ ಎತ್ತರದಿಂದ ಕೆಳಗೆ ಹಾರಬೇಕು. ದೇಶದ ರಸ್ತೆ ಇಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಹೊರಡಿಸಿದ ಮಾರ್ಗದರ್ಶಿ ಹೇಳುವುದೇ ಬೇರೆ. ಕಂಬ, ಮರ, ಅಂಗಡಿ ಎಲ್ಲ ಬಿಟ್ಟು ನಡೆಯಲು ಸಿಗುವ ಜಾಗ ಕಡಿಮೆಯೆಂದರೆ 1.8 ಮೀಟರ್, ಅಂದರೆ ಸುಮಾರು ಆರು ಅಡಿ ಅಗಲವಿರಬೇಕು. ರಸ್ತೆಯಿಂದ ಅದರ ಎತ್ತರ 15 ಸೆಂಟಿಮೀಟರು, ಅಂದರೆ ಆರು ಅಂಗುಲಕ್ಕಿಂತ ಹೆಚ್ಚಾಗಬಾರದು. ಇದು ಅಮೆರಿಕದ ಪುಸ್ತಕವಲ್ಲ, ನಮ್ಮ ಇಂಜಿನಿಯರರ ಮೇಜಿನ ಮೇಲೆಯೇ ಇರಬೇಕಾದ ಪುಸ್ತಕ.

ಆರಂಗುಲವೇ ಏಕೆ? ಫುಟ್‌ಪಾತು ತೀರ ಎತ್ತರವಾದರೆ ಮುದುಕರು ಅದನ್ನು ಹತ್ತದೆ ರಸ್ತೆಯಲ್ಲೇ ನಡೆಯುತ್ತಾರೆ, ವಾಹನಕ್ಕೆ ಸಿಕ್ಕಿಬೀಳುತ್ತಾರೆ. ತೀರ ತಗ್ಗಾದರೆ ವಾಹನಗಳೇ ಅದರ ಮೇಲೆ ಹತ್ತಿ ನಿಲ್ಲುತ್ತವೆ. ದಾಟುವ ಸ್ಥಳದಲ್ಲಿ ಮಾತ್ರ ಅದನ್ನು ರಸ್ತೆಯ ಮಟ್ಟಕ್ಕೆ ಇಳಿಜಾರಾಗಿ ಇಳಿಸಬೇಕು. ಅಳತೆಯ ಹಿಂದೆ ಇಂಥ ಅನುಭವದ ಕಾರಣಗಳಿವೆ.

ಕಚೇರಿಯ ಮುಂದಿನ ಇಳಿಜಾರಿಗೂ ಒಂದು ಲೆಕ್ಕವುಂಟು. ಇಂಜಿನಿಯರರು ಇದನ್ನು ರ್‍ಯಾಂಪ್ ಎನ್ನುತ್ತಾರೆ. ಒಂದಂಗುಲ ಎತ್ತರಕ್ಕೆ ಹನ್ನೆರಡು ಅಂಗುಲ ಉದ್ದ ಬೇಕು, ಅದಕ್ಕಿಂತ ಕಡಿದಾಗಿರಬಾರದು. ಆರಂಗುಲದ ಮೂರು ಮೆಟ್ಟಿಲಿರುವ ಕಚೇರಿಗೆ ಹದಿನೆಂಟು ಅಂಗುಲ ಎತ್ತರ, ಆದುದರಿಂದ ಹದಿನೆಂಟು ಅಡಿ ಉದ್ದದ ಇಳಿಜಾರು ಬೇಕು. ಕಂಟ್ರಾಕ್ಟರು ಐದಡಿಯಲ್ಲಿ ಮುಗಿಸಿ ಬಿಲ್ಲು ಬರೆದರೆ ಅದು ರ್‍ಯಾಂಪಲ್ಲ, ಜಾರುಬಂಡೆ. ಮೇಲೆ ಹತ್ತುವಾಗ ಕುರ್ಚಿ ಹಿಂದೆ ಮಗುಚುತ್ತದೆ, ಇಳಿಯುವಾಗ ಕೈಮೀರಿ ಓಡುತ್ತದೆ. ಎರಡೂ ಬದಿ ಹಿಡಿಕೆ, ಮೇಲ್ತುದಿಯಲ್ಲಿ ಕುರ್ಚಿ ತಿರುಗುವಷ್ಟು ಸಮತಟ್ಟು, ಮಳೆಯಲ್ಲಿ ಜಾರದ ನೆಲ, ಇವಿಷ್ಟೂ ಬೇಕು. ನಮ್ಮ ಮಳೆಗೆ ನುಣ್ಣಗಿನ ಟೈಲು ಹಾಕುವವರಿಗೆ ಬುದ್ಧಿ ಹೇಳಬೇಕಾಗಿದೆ. ಕಲ್ಲು ಕಟ್ಟುವವರೂ ಕಾಂಕ್ರೀಟು ಹಾಕುವವರೂ ನಮ್ಮ ಕುಟುಂಬಗಳಲ್ಲೇ ಇದ್ದಾರೆ. ಈ ಹನ್ನೆರಡರ ಲೆಕ್ಕವನ್ನು ಅವರು ಬಾಯಿಪಾಠ ಮಾಡಿಕೊಳ್ಳಲಿ.

ಕುರುಡರಿಗೆ ಬೇಕಾದ್ದು ಬೇರೆ. ಫುಟ್‌ಪಾತಿನಲ್ಲಿ ಉದ್ದ ಗೀರುಗಳೂ ಗುಂಡು ಬೊಟ್ಟುಗಳೂ ಇರುವ ಹಳದಿ ಟೈಲುಗಳನ್ನು ನೀವು ನೋಡಿರಬಹುದು. ಅದು ಅಲಂಕಾರವಲ್ಲ. ಉದ್ದ ಗೀರು ಎಂದರೆ ಮುಂದೆ ನಡೆ, ಗುಂಡು ಬೊಟ್ಟು ಎಂದರೆ ನಿಲ್ಲು, ಎಚ್ಚರಿಕೆ. ಇದನ್ನು ಕಂಡುಹಿಡಿದವರು ಜಪಾನಿನ ಸೆಯಿಚಿ ಮಿಯಾಕೆ. 1967ರಲ್ಲಿ ಒಕಯಾಮ ಎಂಬ ಪಟ್ಟಣದ ಕುರುಡರ ಶಾಲೆಯ ಹತ್ತಿರ ಮೊದಲ ಸಲ ಹಾಕಿದರು. ಇಂದು ಲೋಕವೆಲ್ಲ ಹರಡಿದೆ. ನಮ್ಮಲ್ಲಿ ಕೆಲವು ಕಡೆ ಈ ಟೈಲು ಹಾಕಿದವರೇ ಅದರ ಅರ್ಥ ತಿಳಿಯದೆ ಅದನ್ನು ನೇರವಾಗಿ ಕಂಬಕ್ಕೆ ಕೊಂಡೊಯ್ದು ಮುಗಿಸುತ್ತಾರೆ. ಅದನ್ನು ನಂಬಿ ನಡೆದವನ ಹಣೆ ಒಡೆಯುತ್ತದೆ.

ಹೊಸ ಹೆದ್ದಾರಿಯ ಮಾತನ್ನೂ ಹೇಳಬೇಕು. ತಲಪಾಡಿಯಿಂದ ದಕ್ಷಿಣಕ್ಕೆ ರಾಷ್ಟ್ರೀಯ ಹೆದ್ದಾರಿ 66 ಆರು ಸಾಲುಗಳಾಗಿ ಅಗಲವಾಗಿದೆ. ವಾಹನಗಳಿಗೆ ಅನುಕೂಲವಾಯಿತೆಂಬುದನ್ನು ಒಪ್ಪುತ್ತೇವೆ. ಆದರೆ ಹಲವು ಕಡೆ ಅದು ಗೋಡೆಯಂತೆ ನಿಂತು ಊರನ್ನು ಎರಡು ಪಾಲು ಮಾಡಿದೆ. ಶಾಲೆ ಒಂದು ಬದಿ, ಮನೆ ಇನ್ನೊಂದು ಬದಿ. ಹಿಂದೆ ನಾಲ್ಕು ಹೆಜ್ಜೆಗೆ ದಾಟಿದವರು ಈಗ ದೂರದ ಅಡಿಸೇತುವೆಯನ್ನು ಹುಡುಕಿ ನಡೆಯಬೇಕು. ಮೆಟ್ಟಿಲು ಹತ್ತಿ ಇಳಿಯುವ ಮೇಲ್ಸೇತುವೆಯೊಂದನ್ನೇ ಇಟ್ಟರೆ ಮೆಟ್ಟಿಲು ಹತ್ತಲಾಗದವನಿಗೆ ಅದು ಇದ್ದೂ ಇಲ್ಲದಂತೆ. ಬಸ್ಸು ನಿಲ್ಲುವ ಸರ್ವಿಸ್ ರಸ್ತೆಯ ಪಕ್ಕದಲ್ಲಿ ನಡೆಯಲು ಸಮವಾದ ಜಾಗ ಬಿಡಿಸಿಕೊಳ್ಳುವುದು ಈಗಲೇ ಆಗಬೇಕಾದ ಕೆಲಸ.

ಇದೆಲ್ಲ ದಯೆಯ ವಿಷಯವೆಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ, ಇದು ಕಾಯಿದೆಯ ವಿಷಯ. 1995ರ ಅಂಗವಿಕಲರ ಕಾಯಿದೆಯಲ್ಲೇ ಫುಟ್‌ಪಾತಿಗೆ ಇಳಿಜಾರು ಇರಬೇಕು, ಸಿಗ್ನಲಿನಲ್ಲಿ ಕುರುಡರಿಗೆ ಕೇಳುವ ಸದ್ದು ಬೇಕು ಎಂದು ಬರೆದಿತ್ತು. ಆದರೆ ಅದರ ಜೊತೆಗೆ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಮಾತನ್ನೂ ಸೇರಿಸಿತ್ತು. ಆ ಒಂದು ಮಾತಿನ ತೂತಿನಲ್ಲಿ ಇಡೀ ಕಾಯಿದೆ ಸೋರಿಹೋಯಿತು. 2016ರ ಹೊಸ ಕಾಯಿದೆ ಇನ್ನೂ ಬಿಗಿಯಾಗಿದೆ. ಏಳು ಬಗೆಯ ವೈಕಲ್ಯಗಳ ಬದಲು 21 ಬಗೆಗಳನ್ನು ಗುರುತಿಸಿತು. ಅಳತೆಗೆ ಸರಿಯಾಗಿ ನಕ್ಷೆ ಇಲ್ಲದಿದ್ದರೆ ಕಟ್ಟಡಕ್ಕೆ ಪರವಾನಗಿಯನ್ನೇ ಕೊಡಬಾರದು, ಕಟ್ಟಿ ಮುಗಿಸಿದ ಸರ್ಟಿಫಿಕೇಟನ್ನೂ ಕೊಡಬಾರದು ಎಂದಿತು. ಮೊದಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಹೊರಟ ದಿನದಿಂದ ಐದು ವರ್ಷದೊಳಗೆ ತಿದ್ದಬೇಕು ಎಂದಿತು. ನಿಯಮ ಹೊರಟದ್ದು 2017ರ ಜೂನಿನಲ್ಲಿ. ಗಡುವು ಮುಗಿದದ್ದು 2022ರಲ್ಲಿ. ನಿಮ್ಮ ವಿಲ್ಲೇಜ್ ಆಫೀಸನ್ನು ಒಮ್ಮೆ ನೋಡಿ ಬನ್ನಿ, ಗಡುವಿಗೆ ಎಷ್ಟು ಬೆಲೆ ಬಂದಿದೆ ಎಂದು ನಿಮಗೇ ತಿಳಿಯುತ್ತದೆ.

ಕಣ್ಣು ಕಾಣದ ರಾಜೀವ್ ರತೂರಿ ಎಂಬವರು ಇದೇ ವಿಷಯದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಆ ಮೊಕದ್ದಮೆಯಲ್ಲಿ 2024ರ ನವೆಂಬರ್ 8ರಂದು ಬಂದ ತೀರ್ಪು ಮುಖ್ಯವಾದುದು. ಅಳತೆಗಳನ್ನು ಬರೀ ಸಲಹೆ ಎಂಬಂತೆ ಬರೆದಿಟ್ಟರೆ ಸಾಲದು, ಕಡ್ಡಾಯವಾಗಿ ಪಾಲಿಸಬೇಕಾದ ನಿಯಮಗಳನ್ನು ಕೇಂದ್ರ ಸರಕಾರ ಮಾಡಬೇಕು ಎಂದು ನ್ಯಾಯಾಲಯ ಹೇಳಿತು. 2025ರ ಮೇ ತಿಂಗಳಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ, ನಡೆಯಲು ಯೋಗ್ಯವಾದ ಫುಟ್‌ಪಾತು ಸಿಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ, ಅದು ಅಂಗವಿಕಲರಿಗೂ ಬಳಸುವಂತಿರಬೇಕು ಎಂದು ಹೇಳಿತು. ಅನ್ನದ ಹಕ್ಕು, ಕೂಲಿಯ ಹಕ್ಕು ಎಂದು ನಾವು ಕೇಳುವ ಸಾಲಿನಲ್ಲೇ ನಡೆಯುವ ಹಕ್ಕೂ ಸೇರಿತು ಎಂದರ್ಥ.

ಹೀಗೆ ಹೇಳಿದಾಗ ಎರಡು ಆಕ್ಷೇಪಗಳು ಬರುತ್ತವೆ. ಒಂದು, ಎಲ್ಲೋ ಒಬ್ಬಿಬ್ಬರಿಗಾಗಿ ಇಷ್ಟು ಖರ್ಚೇ? 2011ರ ಜನಗಣತಿಯಲ್ಲಿ ದೇಶದಲ್ಲಿ 2 ಕೋಟಿ 68 ಲಕ್ಷ ಅಂಗವಿಕಲರಿದ್ದರು. ಅವರ ಜೊತೆಗೆ ಮುದುಕರನ್ನು ಸೇರಿಸಿ, ಬಸುರಿಯರನ್ನು ಸೇರಿಸಿ, ಎಳೆಮಗುವನ್ನೆತ್ತಿಕೊಂಡ ತಾಯಂದಿರನ್ನು ಸೇರಿಸಿ, ಅಡಿಕೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ಸೇರಿಸಿ. ಇಂದು ಗಟ್ಟಿಯಿರುವ ನಾವೂ ಹೆಚ್ಚು ಕಾಲ ಬದುಕಿದರೆ ಆ ಪಟ್ಟಿಗೆ ಸೇರುವವರೇ. ಎರಡನೆಯದು, ಕಟ್ಟಿದರೂ ಅಂಥವರು ಯಾರೂ ಬರುವುದಿಲ್ಲವಲ್ಲ? ಹೊಳೆಗೆ ಸಂಕ ಹಾಕುವ ಮೊದಲು ಹೊಳೆ ದಾಟುವವರನ್ನು ಎಣಿಸಿದರೆ ಒಬ್ಬನೂ ಸಿಗುವುದಿಲ್ಲ. ಹಾಗೆಂದು ಸಂಕ ಬೇಡ ಎನ್ನುತ್ತೇವೆಯೇ? ಖರ್ಚಿನ ಮಾತೂ ಅಷ್ಟೇ. ಕಟ್ಟುವಾಗಲೇ ಸರಿಯಾಗಿ ಕಟ್ಟಿದರೆ ಹೆಚ್ಚು ತಗಲುವುದು ಕೆಲವು ಮೂಟೆ ಸಿಮೆಂಟು. ಕಟ್ಟಿದ್ದನ್ನು ಒಡೆದು ಮತ್ತೆ ಕಟ್ಟುವುದಕ್ಕೇ ದೊಡ್ಡ ಖರ್ಚು.

ಒಬ್ಬರಿಗಾಗಿ ಮಾಡಿದ್ದು ಎಲ್ಲರಿಗೂ ಆಗುತ್ತದೆಂಬುದಕ್ಕೆ ಹೊರಲೋಕದಲ್ಲಿ ಸಾಕ್ಷಿಯಿದೆ. ಅಮೆರಿಕದ ಬರ್ಕ್‌ಲಿ ಎಂಬ ಪಟ್ಟಣದಲ್ಲಿ ಪೋಲಿಯೋದಿಂದ ಮೈ ಸ್ವಾಧೀನ ತಪ್ಪಿದ್ದ ಎಡ್ ರಾಬರ್ಟ್ಸ್ ಮತ್ತು ಅವರ ಸಂಗಡಿಗ ವಿದ್ಯಾರ್ಥಿಗಳು ಹೋರಾಡಿದ್ದರಿಂದ 1970ರ ದಶಕದಲ್ಲಿ ಫುಟ್‌ಪಾತಿನ ಮೂಲೆಗಳನ್ನು ಇಳಿಜಾರು ಮಾಡತೊಡಗಿದರು. ಮಾಡಿದ ಮೇಲೆ ನೋಡಿದರೆ ಗಾಲಿಕುರ್ಚಿಯವರಷ್ಟೇ ಅಲ್ಲ, ಮಗುವಿನ ತಳ್ಳುಗಾಡಿಯವರೂ ಸಾಮಾನು ಎಳೆಯುವ ಕೂಲಿಗಳೂ ಅಲ್ಲಿಂದಲೇ ಹೋಗತೊಡಗಿದರು. ನಮ್ಮ ಪೇಟೆಯಲ್ಲಿ ತಲೆಯ ಮೇಲೆ ಅಕ್ಕಿಮೂಟೆ ಹೊತ್ತು ನಡೆಯುವವನನ್ನು ಕೇಳಿ ನೋಡಿ. ಕಾಲಿನ ಕೆಳಗೆ ಏನಿದೆಯೆಂದು ನೋಡಲು ಅವನಿಗೆ ಬಗ್ಗಲಾಗದು. ಸಮವಾದ ನೆಲ ಅವನ ಕತ್ತಿಗೂ ಬೆನ್ನಿಗೂ ವಿಮೆಯಿದ್ದಂತೆ. ಆದುದರಿಂದ ಈ ಬೇಡಿಕೆ ಅಂಗವಿಕಲರದ್ದು ಮಾತ್ರವಲ್ಲ, ದುಡಿಯುವವರ ಬೇಡಿಕೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಫುಟ್‌ಪಾತು ತೆರವು ಮಾಡುತ್ತೇವೆಂದು ಹೇಳಿ ಅಧಿಕಾರಿಗಳು ಮೊದಲು ಕೈಹಾಕುವುದು ಮೀನು ಮಾರುವ ಹೆಂಗಸಿನ ಬುಟ್ಟಿಗೆ, ಹಣ್ಣಿನ ತಳ್ಳುಗಾಡಿಗೆ. ದೊಡ್ಡ ಅಂಗಡಿಯ ಮುಂದಿನ ಕಾರು ಅಲ್ಲೇ ಇರುತ್ತದೆ. ಅಂಗವಿಕಲನ ಹೆಸರಿನಲ್ಲಿ ಬಡವನ ಹೊಟ್ಟೆಗೆ ಹೊಡೆಯುವುದನ್ನು ನಾವು ಒಪ್ಪಲಾರೆವು. ಬೀದಿ ವ್ಯಾಪಾರಿಗಳಿಗೂ 2014ರ ಕಾಯಿದೆಯ ರಕ್ಷಣೆಯಿದೆ. ವ್ಯಾಪಾರಿಗಳ ಪ್ರತಿನಿಧಿಗಳೂ ಇರುವ ಸಮಿತಿ ಕೂಡಿ ಅವರಿಗೆ ಜಾಗ ಗುರುತಿಸಬೇಕು. ಆರು ಅಡಿ ನಡೆಯಲು ಬಿಟ್ಟು ಉಳಿದ ಜಾಗದಲ್ಲಿ ಬುಟ್ಟಿ ಇಟ್ಟರೆ ಇಬ್ಬರಿಗೂ ಸ್ಥಳವುಂಟು. ಬಡವನನ್ನೂ ಅಂಗವಿಕಲನನ್ನೂ ಎದುರುಬದುರು ನಿಲ್ಲಿಸುವ ಆಟಕ್ಕೆ ನಾವು ಬಲಿಯಾಗಬಾರದು.

ದಾರಿ ತೆರೆದಿರಬೇಕಾದರೆ ಬೋರ್ಡೂ ತಿಳಿಯಬೇಕು. ನಮ್ಮ ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡವೊಂದನ್ನೇ ಓದಬಲ್ಲ ಹಿರಿಯರು ಬಹಳ ಮಂದಿ. ಆಸ್ಪತ್ರೆಯಲ್ಲಿ ಯಾವ ಕೋಣೆ, ಕಚೇರಿಯಲ್ಲಿ ಯಾವ ಕಿಟಿಕಿ ಎಂಬುದು ಅವರ ಭಾಷೆಯಲ್ಲಿ ಇಲ್ಲದಿದ್ದರೆ, ಕಣ್ಣಿದ್ದೂ ಅವರು ಕುರುಡರೇ. ಓದು ಬಾರದವರಿಗಾಗಿ ಚಿತ್ರದ ಗುರುತೂ ಇರಲಿ. ದೊಡ್ಡ ಅಕ್ಷರದಲ್ಲಿ, ಕಣ್ಣಿನ ಎತ್ತರದಲ್ಲಿ ಬೋರ್ಡು ಹಾಕಲು ಕೋಟಿ ರೂಪಾಯಿ ಬೇಕಾಗಿಲ್ಲ.

ಸರಕಾರದ ಕಡೆ ಬೆರಳು ತೋರಿಸುವ ಮೊದಲು ನಮ್ಮ ಸ್ವಂತ ಸ್ಥಳಗಳನ್ನೂ ನೋಡಿಕೊಳ್ಳಬೇಕು. ನಮ್ಮ ಪ್ರಾರ್ಥನಾಲಯಗಳಿಗೆ ಎಷ್ಟು ಮೆಟ್ಟಿಲು? ಯೂನಿಯನ್ ಆಫೀಸು ಯಾವ ಮಹಡಿಯಲ್ಲಿದೆ? ಮದುವೆ ಹಾಲಿನ ಊಟದ ಕೋಣೆ ನೆಲಮಾಳಿಗೆಯಲ್ಲೇ? ಕಪೆರ್ನೌಮಿನಲ್ಲಿ ಪಾರ್ಶ್ವವಾಯುವಿನ ರೋಗಿಯನ್ನು ನಾಲ್ವರು ಹೊತ್ತು ತಂದ ಸಂಗತಿಯನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಆ ನಾಲ್ವರ ನಂಬಿಕೆಯನ್ನು ಹೊಗಳುತ್ತೇವೆ. ಆದರೆ ಅವರು ಮಾಳಿಗೆಯನ್ನು ಕೀಳಬೇಕಾಗಿ ಬಂದದ್ದು ಏಕೆ? ಬಾಗಿಲಲ್ಲಿ ನಿಂತ ಗುಂಪು ಅವರಿಗೆ ದಾರಿ ಬಿಡಲಿಲ್ಲ, ಅದಕ್ಕೆ. ಒಳಗೆ ಉಪದೇಶ ಕೇಳುತ್ತಿದ್ದ ಭಕ್ತಜನರೇ ಬಾಗಿಲಿಗೆ ಅಡ್ಡವಾಗಿದ್ದರು. ಭಾನುವಾರ ಆರಾಧನೆಗೆ ಬಾರದೆ ಮನೆಯಲ್ಲಿ ಉಳಿದವರನ್ನು ನೆನೆಯುವಾಗ ಈ ಮಾತೂ ನೆನಪಿರಲಿ.

ಎಸ್ಟೇಟಿನ ಒಳಗಿನ ದಾರಿಯದ್ದು ಇನ್ನೊಂದು ತೊಡಕು. ಲೈನುಮನೆಯ ದಾರಿ ತೋಟದ ಜಾಗದಲ್ಲಿದೆ, ನಮಗೆ ಹಣ ಹಾಕಲಾಗದು ಎಂದು ಪಂಚಾಯತು ಹೇಳುವುದುಂಟು. ದಾರಿ ಪಂಚಾಯತಿನ ಕೆಲಸ ಎಂದು ಆಡಳಿತದವರು ಹೇಳುವುದುಂಟು. ಇಬ್ಬರ ನಡುವೆ ಕೆಸರು ಕೆಸರಾಗಿಯೇ ಉಳಿಯುತ್ತದೆ. ಕೂಲಿ, ಬೋನಸ್ಸಿನ ಬೇಡಿಕೆಪಟ್ಟಿಯಲ್ಲಿ ಮನೆಯಿಂದ ಮುಖ್ಯ ರಸ್ತೆಯ ತನಕ ಗಾಲಿಕುರ್ಚಿ ಹೋಗುವ ದಾರಿ ಎಂಬ ಒಂದು ಸಾಲನ್ನು ಸೇರಿಸಲು ಯೂನಿಯನುಗಳು ಹಿಂಜರಿಯಬಾರದು. ಸಮುದಾಯದ ದುಡಿಮೆಯಿಂದ ಲಾಭ ಪಡೆದವರಿಗೆ ಆ ಸಮುದಾಯದ ದಾರಿಯ ಹೊಣೆಯೂ ಇದೆ.

ಹಾಗಾದರೆ ನಾವು ಮಾಡಬೇಕಾದ್ದೇನು? ಮೊದಲನೆಯದಾಗಿ, ಒಂದು ಅಳತೆಪಟ್ಟಿ ಹಿಡಿದು ಹೊರಡಿ. ನಿಮ್ಮ ರೇಷನ್ ಅಂಗಡಿ, ವಿಲ್ಲೇಜ್ ಆಫೀಸು, ಆರೋಗ್ಯಕೇಂದ್ರ, ಅಂಗನವಾಡಿ, ಮತಗಟ್ಟೆ, ಬಸ್ಸು ತಂಗುದಾಣ, ಇವುಗಳ ಮೆಟ್ಟಿಲಿನ ಎತ್ತರ, ಬಾಗಿಲಿನ ಅಗಲ, ಇಳಿಜಾರಿನ ಉದ್ದ ಬರೆದುಕೊಳ್ಳಿ. ಬಾಗಿಲು ಮೂರಡಿಯಾದರೂ ಇರಬೇಕು. ಕಷ್ಟವೆಂದು ಬರೆಯುವ ಅರ್ಜಿಗಿಂತ ಅಂಗುಲದ ಲೆಕ್ಕವಿರುವ ಅರ್ಜಿಗೆ ತೂಕ ಹೆಚ್ಚು.

ಎರಡನೆಯದಾಗಿ, ಅದನ್ನು ಗ್ರಾಮಸಭೆಯಲ್ಲಿ ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಕೇರಳದ ಪಂಚಾಯತುಗಳಲ್ಲಿ ಅಂಗವಿಕಲರಿಗಾಗಿಯೇ ವಿಶೇಷ ಗ್ರಾಮಸಭೆ ಕರೆಯುವ ಕ್ರಮವುಂಟು. ಅದಕ್ಕೆ ಅವರನ್ನೇ ಕರೆದುಕೊಂಡು ಹೋಗಿ, ಅವರ ಪರವಾಗಿ ನೀವೊಬ್ಬರೇ ಹೋಗಬೇಡಿ. ಆ ಸಭೆ ಮಹಡಿಯ ಮೇಲೆ ನಡೆಯುವುದಾದರೆ ಮೊದಲ ಠರಾವು ಅದರ ಬಗ್ಗೆಯೇ ಆಗಲಿ. 2025ರ ಡಿಸೆಂಬರಿನ ಚುನಾವಣೆಯಲ್ಲಿ ಆರಿಸಿಬಂದ ಮೆಂಬರುಗಳು ಮತ ಕೇಳಲು ನಿಮ್ಮ ಜಗಲಿಯ ತನಕ ಬಂದಿದ್ದರು. ಆ ಜಗಲಿಯಿಂದ ಹೊರಗೆ ಬರುವ ದಾರಿಯನ್ನು ಅವರಲ್ಲಿ ಕೇಳುವುದು ನಿಮ್ಮ ಹಕ್ಕು.

ಮೂರನೆಯದಾಗಿ, ಕೆಲಸ ಸುರುವಾಗುವ ಮೊದಲೇ ಎಸ್ಟಿಮೇಟು ನೋಡಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಅರ್ಜಿ ಹಾಕಿ. ಕಾಂಕ್ರೀಟು ಗಟ್ಟಿಯಾದ ಮೇಲೆ ತಕರಾರು ಮಾಡಿ ಫಲವಿಲ್ಲ, ಹಸಿಯಿರುವಾಗಲೇ ಮಾತಾಡಬೇಕು. ಇಷ್ಟಾದರೂ ಕೇಳದಿದ್ದರೆ ಅಂಗವಿಕಲರ ಕಾಯಿದೆಯಡಿ ರಾಜ್ಯ ಕಮಿಷನರಿದ್ದಾರೆ. ಅವರಿಗೆ ಬರೆಯಲು ವಕೀಲರೇ ಬೇಕೆಂದಿಲ್ಲ. ಅರ್ಜಿಯ ಪ್ರತಿಯನ್ನು ಮಾತ್ರ ತಪ್ಪದೆ ಇಟ್ಟುಕೊಳ್ಳಿ.

ನಾಲ್ಕನೆಯದು ನಮ್ಮ ಕೈಯಲ್ಲೇ ಇರುವ ಕೆಲಸ. ಒಂದು ಭಾನುವಾರ ಹತ್ತು ಮಂದಿ ಹಾರೆ ಪಿಕ್ಕಾಸು ಹಿಡಿದರೆ ಒಂದು ಮನೆಯ ಅಂಗಳದಿಂದ ಓಣಿಯ ತನಕ ಸಮ ಮಾಡಬಹುದು, ಮುರಕಲ್ಲು ಹಾಸಬಹುದು. ಇದು ಸರಕಾರದ ಹೊಣೆಯನ್ನು ಕಡಿಮೆ ಮಾಡುವುದಿಲ್ಲ. ಆದರೆ ಸಂಕಲೆಯ ಮೊದಲ ಕೊಂಡಿ ಗಟ್ಟಿಯಾದರೆ, ಉಳಿದ ಕೊಂಡಿಗಳನ್ನು ಕೇಳಲು ಆ ಮನೆಯವನು ತಾನೇ ಹೊರಗೆ ಬರುತ್ತಾನೆ.

2016ರಲ್ಲಿಯೂ 2019ರಲ್ಲಿಯೂ ನಮ್ಮ ಜಿಲ್ಲೆಯ ತಾಯಂದಿರು ಮಕ್ಕಳನ್ನೆತ್ತಿಕೊಂಡು ರಾತ್ರಿಯ ರೈಲು ಹತ್ತಿ ತಿರುವನಂತಪುರಕ್ಕೆ ಹೋದರು. ಸೆಕ್ರೆಟೇರಿಯೇಟಿನ ಮುಂದಿನ ಬೀದಿಬದಿಯಲ್ಲಿ ಕುಳಿತು ನ್ಯಾಯ ಕೇಳಿದರು. ರಾಜ್ಯದ ಇನ್ನೊಂದು ತುದಿಯ ಬೀದಿಯ ತನಕ ಆ ಮಕ್ಕಳನ್ನು ಮುಟ್ಟಿಸಿದ್ದು ಯಾವ ಇಲಾಖೆಯೂ ಅಲ್ಲ, ಆ ತಾಯಂದಿರ ತೋಳು. ಅಂಥ ತೋಳು ಇನ್ನು ಹತ್ತು ವರ್ಷ ಅದೇ ಭಾರವನ್ನು ಹೊರಲಾರದು. ಆ ಹತ್ತು ವರ್ಷದೊಳಗೆ ಮನೆಯ ಹೊಸಿಲಿನಿಂದ ಕಚೇರಿಯ ಕಿಟಿಕಿಯ ತನಕ ಒಂದು ಸಮನಾದ ದಾರಿಯನ್ನು ಕಟ್ಟಿಸಿಕೊಳ್ಳುವ ಹೊಣೆ ನಮ್ಮೆಲ್ಲರ ಮೇಲಿದೆ. ಮುಂದಿನ ಗ್ರಾಮಸಭೆಗೆ ಅಳತೆಪಟ್ಟಿಯೊಂದಿಗೆ ಬನ್ನಿ.